ನಾಲ್ಕನೆಯ ಕೋವಿ

ಮೇ ೪, ಶನಿವಾರ

ರೋಸ್ಕೊ, ನಿನ್ನ ಮೊಣಕಾಲು ಹೇಗಿದೆ? ಲೂಯೆಲ್ಲಾ, ನಿನ್ನ ಸಕ್ಕರೆ ಹತೋಟಿಯಲ್ಲಿದೆಯೇ? ಕ್ಲೇಟನ್, ಮಗಾ, ಆ ಕಪ್ಪು ಹೇಸರಗತ್ತೆ ಒದ್ದ ತೊಡೆಯ ನೀಲಿ ಇಳಿಯಿತೇ? ಗ್ರೆಚೆನ್, ನಿನ್ನ ಕಾರ್ಯಾಗಾರದ ಬೆಕ್ಕು ಮರಿ ಹಾಕಿತೇ?

ನಮ್ಮಮ್ಮ ಯಾರಿಗೆ ಬರೆದರೂ ಮೊದಲು ಹೆಸರು ಹಿಡಿದು ಕ್ಷೇಮ ಕೇಳುತ್ತಿದ್ದಳು. ಈ ಪುಸ್ತಕವನ್ನು ನನ್ನ ಹೊರತು ಯಾರೂ ಓದುವುದಿಲ್ಲ. ಆದರೂ ತಮ್ಮ, ಅವನ ಹೆಂಡತಿ, ಅವರ ಮಗ ಹೀಗೆ ನನ್ನವರ ಮುಖಗಳನ್ನು ಒಂದು ಸಲ ಎದುರಿಗೆ ಕೂರಿಸಿಕೊಳ್ಳದೆ ನನಗೆ ಕೈ ಓಡುವುದಿಲ್ಲ. ಓರ್ಫಾ ಝೆನರ್ ಎಂಬ ನಾನು ಚೆನ್ನಾಗಿದ್ದೇನೆ. ಸ್ಕೂಲ್ ಬಸ್ಸು ಓಡಿಸಿ ಹಾಳಾದ ಬೆನ್ನು ಮಾತ್ರ ಬೆಳಗಿನ ಹೊತ್ತು ನೆನಪು ಮಾಡುತ್ತದೆ.

ಇವತ್ತು, ಹಳೆಯ ಸ್ವಾತಂತ್ರ್ಯ ಯುದ್ಧವನ್ನು ಜನರೆದುರು ಆಡಿ ತೋರಿಸುವ ನಮ್ಮ ದಂಡಿನ ಈ ವರ್ಷದ ಮೊದಲ ಕವಾಯತು. ಹುಲ್ಲುಗಾವಲಿನಲ್ಲಿ ಇನ್ನೂ ತೇವವಿತ್ತು, ಎಲ್ಲರ ಬಿಳಿ ಕಾಲುಚೀಲಗಳೂ ಹತ್ತು ನಿಮಿಷದಲ್ಲಿ ಹಸಿರಾದವು. ಎಂದಿನಂತೆ ಕೋವಿ ಪರೀಕ್ಷೆ ನನ್ನದು. ಒಬ್ಬೊಬ್ಬರೂ ಕೋವಿಯನ್ನು ನೆಟ್ಟಗೆ ಹಿಡಿಯುತ್ತಾರೆ, ನಾನು ನಳಿಗೆಯೊಳಗೆ ಕಬ್ಬಿಣದ ಗಜವನ್ನು ಬಿಡುತ್ತೇನೆ. ಅದು ತಳ ಮುಟ್ಟಿ 'ಠಣ್' ಎಂದರೆ ಸರಿ. 'ದಬ್' ಎಂದರೆ ಒಳಗೇನೋ ಉಳಿದಿದೆ, ಆ ಕೋವಿ ಮನೆಗೆ. ನಮ್ಮದು ಗುಂಡಿಲ್ಲದ ಸುಳ್ಳು ಯುದ್ಧ, ಬರೀ ಕರಿಮದ್ದಿನ ಹೊಗೆ ಮತ್ತು ಸದ್ದು. ಹಾಗಂತ ಮದ್ದಿಗೆ ಇದು ಆಟ ಎಂದು ಗೊತ್ತಿಲ್ಲವಲ್ಲ.

ನಮ್ಮ ಕ್ಯಾಪ್ಟನ್ ಹಾರ್ಲನ್ ವಾರವೆಲ್ಲ ಹಲ್ಲು ಕೀಳುವ ಡಾಕ್ಟರು, ಶನಿವಾರ ಮಾತ್ರ ನಮ್ಮ ದಂಡನಾಯಕ. "ಓರ್ಫಾ, ನಿನ್ ಕಿವಿ ಇರೋವರೆಗೂ ನಮಗೆ ದೇವರೂ ಬೇಡ," ಎಂದ. ನಾನು ಬೀಗಿದೆ. ಬರೆದುಕೊಳ್ಳಲು ನಾಚಿಕೆಯೇನು.

ಹೊಸ ಕೋವಿಗಳು ನಾಲ್ಕೂ ಚೆನ್ನಾಗಿ ಠಣ್ ಎಂದವು. ನನ್ನದು, ಕ್ಲೇಟನ್‌ನದು, ಮೆರ್ವಿನ್‌ನದು, ವೆಂಡೆಲ್‌ನದು. ಒಳ್ಳೆಯ ಕೋವಿಗೆ ಎರಡು ವರ್ಷ ಕಾಯಬೇಕು. ಸಮುದ್ರದಾಚೆಯಿಂದ ಬರುವ ಈ ನಕಲು ಕೋವಿ ಎರಡು ವಾರಕ್ಕೆ ಬಾಗಿಲಿಗೆ ಬರುತ್ತದೆ. ಹೊರಗಿನ ಬಟ್ಟಲಿನ ಕಿಡಿ ನಳಿಗೆಯೊಳಗಿನ ಮದ್ದಿಗೆ ದಾಟುವ ಕಿಡಿತೂತು ಒಂದನ್ನು ಮಾತ್ರ ಕೊರೆದಿರುವುದಿಲ್ಲ, 'ಪ್ರದರ್ಶನಕ್ಕೆ ಮಾತ್ರ, ಹಾರಿಸಲು ಅಲ್ಲ' ಎಂಬ ಚೀಟಿ ಕಟ್ಟಿರುತ್ತದೆ. ಅದು ಸುಂಕದವರ ಸಮಾಧಾನಕ್ಕೆ ಎಂದು ದಂಡಿನಲ್ಲಿ ಎಲ್ಲರಿಗೂ ಗೊತ್ತು. ಚಳಿಗಾಲದಲ್ಲಿ ನನ್ನ ಶೆಡ್ಡಿನಲ್ಲಿ ನಾಲ್ಕಕ್ಕೂ ನಾನೇ ತೂತು ಕೊರೆದೆ. ಮದ್ದಿನ ಬಟ್ಟಲಿಗೆ ಸರಿಸಮ, ಕೂದಲೆಳೆ ಆಚೀಚೆ ಇಲ್ಲ.

ಲೂಯೆಲ್ಲಾ ಹಂದಿಮಾಂಸ, ಹುಳಿ ಎಲೆಕೋಸು ತಂದಿದ್ದಳು. ಎರಡು ಸಲ ಬಡಿಸಿಕೊಂಡೆ.

ಮೇ ೧೮

ಕ್ಲೇಟನ್‌ನ ಕೋವಿ ಒಡೆಯಿತು. ಅವನ ಎಡಗೈ.

ಬೂಟು ಬಿಚ್ಚಿಲ್ಲ. ಕೋಟಿನ ತೋಳಿನ ಮೇಲಿನ ರಕ್ತ ಅವನದು.

ಮೇ ೧೯, ಭಾನುವಾರ

ಚರ್ಚಿಗೆ ಹೋಗಲಿಲ್ಲ. ಬರೆದರೆ ತಲೆಯೊಳಗಿನ ಸದ್ದು ನಿಲ್ಲಬಹುದು.

ನಾವು ಬೇಲಿಯ ಈಚೆ, ಇಂಗ್ಲಿಷರ ವೇಷದ ಕೆಂಪು ಕೋಟಿನವರು ಆಚೆ. ಜನ ಕಂಬಳಿ ಹಾಸಿ ಕೂತಿದ್ದರು, ಮಕ್ಕಳು ಕಿವಿ ಮುಚ್ಚಿಕೊಂಡಿದ್ದರು. ಹಾರ್ಲನ್ ಕೂಗಿದ, ಎಲ್ಲರೂ ಒಟ್ಟಿಗೆ ಹಾರಿಸಿದೆವು. ಮತ್ತೆ ಕಾಗದದ ತೋಟೆ ಹರಿದು ಮದ್ದು ಸುರಿದೆವು, ಮತ್ತೆ ಹಾರಿಸಿದೆವು. ನನ್ನ ಪಕ್ಕದಲ್ಲೇ ಕ್ಲೇಟನ್. ಮೊದಲ ಸುತ್ತಿನಲ್ಲಿ ಅವನ ಬಟ್ಟಲಿನ ಮದ್ದು ಬುಸ್ಸೆಂದು ಉರಿಯಿತು. ಒಳಗಿನ ಮದ್ದಿಗೆ ಕಿಡಿ ಹೋಗಲಿಲ್ಲ. ಅಷ್ಟು ಸದ್ದಿನಲ್ಲಿ ತನ್ನ ಕೋವಿ ಹಾರಲಿಲ್ಲ ಎಂದು ಯಾರಿಗೆ ಗೊತ್ತಾಗುತ್ತದೆ? ಅದರ ಮೇಲೆ ಎರಡನೆಯ ತೋಟೆ ಸುರಿದ.

ಎರಡನೆಯ ಸುತ್ತಿನ ಸದ್ದು ಬೇರೆ ಇತ್ತು. ತಗಡಿನ ಬಾಗಿಲನ್ನು ಗಾಳಿ ಬಡಿದ ಹಾಗೆ. ತಿರುಗಿದರೆ ಕ್ಲೇಟನ್ ನಿಂತೇ ಇದ್ದ. ಟೋಪಿ ಇರಲಿಲ್ಲ. ಕೈಯಲ್ಲಿ ಕೋವಿಯ ಹಿಂಭಾಗ ಮಾತ್ರ ಇತ್ತು. "ಅತ್ತೆ, ನನ್ ಕೈ ನೋಡು," ಎಂದ, ಚಿಕ್ಕವನಿದ್ದಾಗ ಚಿಟ್ಟೆ ಹಿಡಿದು ತೋರಿಸುತ್ತಿದ್ದನಲ್ಲ, ಅದೇ ದನಿಯಲ್ಲಿ. ನೋಡಿದೆ. ನನ್ನ ಕುತ್ತಿಗೆಯ ವಸ್ತ್ರ ಬಿಚ್ಚಿ ಸುತ್ತಿದೆ. ಜನ ಚಪ್ಪಾಳೆ ತಟ್ಟುತ್ತಿದ್ದರು. ಇದೂ ಆಟದ ಭಾಗ ಎಂದುಕೊಂಡಿದ್ದರು.

ಆ ಚಪ್ಪಾಳೆ ಇನ್ನೂ ನಿಂತಿಲ್ಲ.

ಮೇ ೨೨

ಆಸ್ಪತ್ರೆಗೆ ಹೋಗಿದ್ದೆ. ಮೂರು ಬೆರಳು ಹೋಗಿವೆ. ಕ್ಲೇಟನ್ ಊರೂರು ಸುತ್ತಿ ಕುದುರೆಗಳಿಗೆ ಲಾಳ ಕಟ್ಟುವವನು. ಗೊರಸನ್ನು ತೊಡೆಯ ಮೇಲಿಟ್ಟು ಎಡಗೈಯಲ್ಲಿ ಹಿಡಿಯದೆ ಆ ಕೆಲಸ ಹೇಗೆ ಎಂದು ಯಾರೂ ಕೇಳಲಿಲ್ಲ.

ನನ್ನನ್ನು ಕಂಡು ನಕ್ಕ. "ಹೆಬ್ಬೆರಳು, ತೋರುಬೆರಳು ಉಳ್ಕೊಂಡಿವೆ ಅತ್ತೆ. ಮೂಗು ಕೆರೆಯೋಕೇನೂ ತೊಂದ್ರೆ ಇಲ್ಲ."

ನಮ್ಮ ರೋಸ್ಕೊ ಕಿಟಕಿಯ ಕಡೆ ತಿರುಗಿಕೊಂಡ. ಲೂಯೆಲ್ಲಾ ಮಗನ ಕಾಲಿನ ಮೇಲಿನ ಹೊದಿಕೆಯನ್ನು ಮಡಚುತ್ತಲೇ ಇದ್ದಳು.

ಪೊಲೀಸಿನವನೊಬ್ಬ ಬಂದು ವಿವರ ಕೇಳಿದ. ಕೋವಿಗೆ ಕಿಡಿತೂತು ಕೊರೆದವರು ಯಾರು ಎಂದ. ಕ್ಲೇಟನ್ ಚಾವಣಿ ನೋಡುತ್ತ, "ಹಾಗೇ ಬಂದಿತ್ತು," ಎಂದ.

ನಾನು ಕಾಫಿ ತರಲು ಹೋದೆ.

ಮೇ ೩೦

ದಂಡಿನ ಸಭೆ. ಒಂದರ ಮೇಲೆ ಒಂದು ತೋಟೆ ತುಂಬಿದ್ದೇ ಕಾರಣ ಎಂದು ಹಾರ್ಲನ್ ತೀರ್ಮಾನ ಓದಿದ. ಇನ್ನು ಮುಂದೆ ಪ್ರತಿ ಸುತ್ತಿಗೂ ಪಕ್ಕದವನ ಕೋವಿಯ ಬಾಯಿಂದ ಹೊಗೆ ಬಂತೇ ಎಂದು ನೋಡಬೇಕಂತೆ. ನಾನೂ ಕೈ ಎತ್ತಿದೆ. ನಳಿಗೆ ಸರಿ ಇತ್ತು, ಬೆಳಿಗ್ಗೆಯೇ ಠಣ್ ಎಂದಿತ್ತು, ನಾನೇ ಕೇಳಿದ್ದೇನೆ ಎಂದು ಹೇಳಿದೆ. ಎಲ್ಲರೂ ತಲೆಯಾಡಿಸಿದರು.

ಉಪ್ಪಿನಕಾಯಿ ಬಾಟಲಿಯ ಮುಚ್ಚಳ ಒಂದೇ ಕೈಯಲ್ಲಿ ತೆಗೆಯಲು ಆಗಲಿಲ್ಲ. ಹಾಗೇ ಇಟ್ಟೆ. ಬರೀ ಬ್ರೆಡ್ಡು ತಿಂದೆ.

ಜೂನ್ ೫, ಬುಧವಾರ

ಗ್ರೆಚೆನ್ ಮೋಯರ್ ಹಳ್ಳದ ದಾರಿಯಲ್ಲಿ ಕೋವಿ ರಿಪೇರಿ ಮಾಡುವವಳು. ನನ್ನ ಬಸ್ಸಿನಲ್ಲಿ ಶಾಲೆಗೆ ಬರುತ್ತಿದ್ದ ಹುಡುಗಿ, ಈಗ ಕೂದಲು ನರೆತಿದೆ. ನನ್ನ ಕೋವಿಯನ್ನು ಅವಳಿಗೆ ಕೊಟ್ಟು ಬಂದಿದ್ದೆ. ಒಂದೇ ಕಡೆಯಿಂದ ಒಟ್ಟಿಗೆ ತರಿಸಿದವು, ಅಣ್ಣತಮ್ಮಂದಿರು. ನನ್ನದು ಗಟ್ಟಿ ಎಂದು ಅವಳ ಬಾಯಲ್ಲಿ ಕೇಳಿಬಿಟ್ಟರೆ ನಿದ್ದೆ ಬರುತ್ತದೆ ಎಂದುಕೊಂಡಿದ್ದೆ.

ಅವಳು ನಳಿಗೆಯನ್ನು ಉದ್ದಕ್ಕೆ ಸೀಳಿ ಮೇಜಿನ ಮೇಲಿಟ್ಟಿದ್ದಳು. ಒಳಗೆ ಒಂದು ಗೆರೆ, ಬಾಯಿಯಿಂದ ಬುಡದವರೆಗೆ. ತಗಡನ್ನು ಸುರುಳಿ ಸುತ್ತಿ ಬೆಸೆದ ಕೊಳವೆ. ಹೊರಗಿನಿಂದ ಉಜ್ಜಿ ಹೊಳಪು ಕೊಟ್ಟದ್ದಕ್ಕೆ ಕಾಣುತ್ತಿರಲಿಲ್ಲ. ಬುಡ ಮುಚ್ಚುವ ತಿರುಪು ಬೆರಳಿನ ಉಗುರಿನಷ್ಟು ಮಾತ್ರ ಒಳಗೆ ಹೋಗಿ ನಿಂತಿತ್ತು. ನಾನು ಕೊರೆದ ತೂತು ಆ ಗೆರೆಗೆ ತೀರ ಹತ್ತಿರ. ಕೂದಲೆಳೆ ಆಚೀಚೆ ಇಲ್ಲ ಎಂದು ನಾನೇ ಬರೆದಿದ್ದೇನೆ ಅಲ್ಲವೇ.

ನಾನು ಕುರ್ಚಿ ಹುಡುಕಿ ಕೂತೆ. ಆದರೆ ಅದು ಠಣ್ ಎಂದಿತ್ತಲ್ಲ ಎಂದೆ.

"ಓರ್ಫಾ ಆಂಟಿ, ನೀವು ಅದನ್ನ 'ಖಾಲಿ ಇದ್ದೀಯಾ' ಅಂತ ಕೇಳಿದ್ರಿ. ಇದ್ದೀನಿ ಅಂತು," ಎಂದಳು ಗ್ರೆಚೆನ್. "'ಗಟ್ಟಿ ಇದ್ದೀಯಾ' ಅಂತ ನೀವು ಯಾವತ್ತೂ ಕೇಳೇ ಇಲ್ಲ."

ಆಮೇಲೆ ಮೆಲ್ಲಗೆ ವಿವರಿಸಿದಳು, ಶಾಲೆಯ ಪಾಠವನ್ನು ನನಗೆ ಒಪ್ಪಿಸುವವಳ ಹಾಗೆ. ಕೊಳ್ಳುವ ಮೊದಲು ನಳಿಗೆ ಯಾವ ಉಕ್ಕಿನದು, ಇಡೀ ಸರಳಿನಲ್ಲಿ ಕೊರೆದದ್ದೋ ಸುತ್ತಿದ್ದೋ, ಬುಡಕ್ಕೆ ಎಷ್ಟು ತಿರುಪಿದೆ ಎಂದು ಕೇಳಬೇಕಂತೆ. ಕೇಳಿದ್ದಕ್ಕೆ ಉತ್ತರ ಬರದಿದ್ದರೆ ಕೊಳ್ಳಬಾರದಂತೆ. ಆಮೇಲೂ ಒಮ್ಮೆ, ತಿಳಿದವರು ಕೋವಿಯನ್ನು ಹಳೆ ಟೈರುಗಳಿಗೆ ಬಿಗಿದು, ಹೆಚ್ಚು ಮದ್ದು ಹಾಕಿ, ಗೋಡೆಯ ಮರೆಯಿಂದ ದಾರ ಎಳೆದು ನೋಡಬೇಕಂತೆ. ಒಳ್ಳೆಯ ನಳಿಗೆಯಾಗಿದ್ದರೆ ಎರಡು ತೋಟೆಗೆ ಕ್ಲೇಟನ್‌ನ ಭುಜ ನೋಯುತ್ತಿತ್ತು, ಅಷ್ಟೇ. ಹೊರಗಿನಿಂದ ಬರುವ ಎಲ್ಲವೂ ಹೀಗಿಲ್ಲ, ಗಟ್ಟಿ ಇರುವವೂ ಇವೆ. ಯಾವುದು ಎಂದು ಕಿವಿಗೆ ತಿಳಿಯುವುದಿಲ್ಲ.

ಮೇಜಿನ ಮೇಲೆ ಆ ಚೀಟಿಯೂ ಇತ್ತು. 'ಹಾರಿಸಲು ಅಲ್ಲ.' ಮಾಡಿದವರು ಇದ್ದದ್ದನ್ನು ಇದ್ದ ಹಾಗೆ ಬರೆದು ಕಟ್ಟಿದ್ದರು. ತೂತು ಕೊರೆಯದೆ ಬಿಟ್ಟು ಇನ್ನೊಂದು ಸಲ ಹೇಳಿದ್ದರು. ನಾವು ಅದನ್ನು ಸುಂಕದವರ ಬೆನ್ನ ಹಿಂದೆ ನಮ್ಮತ್ತ ಕಣ್ಣು ಹೊಡೆದದ್ದು ಎಂದುಕೊಂಡೆವು. ದಂಡಿನಲ್ಲಿ ಮೇಷ್ಟರಿದ್ದಾರೆ, ಡಾಕ್ಟರಿದ್ದಾರೆ, ಪಾದ್ರಿಯಿದ್ದಾರೆ. ನಿಜವನ್ನು ನಿಜ ಎಂದು ಓದಲು ಒಬ್ಬರಿಗೂ ಬರಲಿಲ್ಲ.

ನಾಲ್ಕು ಕೋವಿ. ಒಂದು ಒಡೆದಿದೆ, ಒಂದನ್ನು ಸೀಳಿಯಾಯಿತು. ಇನ್ನೆರಡು ಎಲ್ಲಿವೆ?

ಜೂನ್ ೮

ಮೆರ್ವಿನ್ ತನ್ನ ಕೋವಿಯನ್ನು ಕೇಳಿದ ಕೂಡಲೇ ಕೊಟ್ಟ. ಗ್ರೆಚೆನ್ ಅದರ ತೂತಿಗೆ ಬೆಸುಗೆ ಹಾಕಿ ಮುಚ್ಚಿದಳು. ಅವನು ಅದನ್ನು ಬೆಂಕಿಗೂಡಿನ ಮೇಲೆ ನೇತುಹಾಕಿದ.

ವೆಂಡೆಲ್‌ನ ಮನೆಗೆ ಹೋದಾಗ ಅವನು ದೋಣಿಗೆ ಬಣ್ಣ ಬಳಿಯುತ್ತಿದ್ದ.

"ಆ ಕೋವಿನಾ? ಕ್ಲೇಟನ್‌ದು ಹಾಗಾದ್ಮೇಲೆ ಯಾರು ಇಟ್ಕೋತಾರೆ. ಹೋದ ವಾರದ ಜಾತ್ರೇಲಿ ಡೇರೆ ಅಂಗಡಿಯವನಿಗೆ ಕೊಟ್ಬಿಟ್ಟೆ."

ಕೊಳ್ಳುವವನಿಗೆ ಹೇಳಿದೆಯಾ ಎಂದು ಕೇಳಿದೆ.

"ಏನಂತ ಹೇಳ್ಲಿ? ತೂತು ಓರ್ಫಾ ಝೆನರ್ ಕೊರೆದಿದ್ದು ಅಂದೆ. ಅದಕ್ಕೇ ತಗೊಂಡ. ನಿನ್ ಹೆಸರಿಗೆ ಬೆಲೆ ಇದೆ ಕಣಮ್ಮ."

ಅವನ ಬಣ್ಣದ ಡಬ್ಬಿಯನ್ನು ಒದೆಯಬೇಕೆನಿಸಿತು. ಒದೆಯಲಿಲ್ಲ. ಕಾರಿಗೆ ಬಂದು ಕೂತೆ. ಕೀಲಿ ಹಾಕುವ ಜಾಗ ಮರೆತುಹೋಗಿತ್ತು.

ಜೂನ್ ೧೫, ಶನಿವಾರ

ರೋಸ್ಕೊ ಕಾರು ಓಡಿಸಿದ. ಡೇರೆ ಅಂಗಡಿಯವನು ಈ ವಾರ ಕೋಟೆಯ ಬಯಲಿನಲ್ಲಿ ಬಿಡಾರ ಹಾಕಿದ್ದ. ಗುಂಡಿ, ಹಿತ್ತಾಳೆ, ಕೊಂಬಿನ ಮದ್ದುಕುಪ್ಪಿ ಹರಡಿಕೊಂಡು ಕೂತಿದ್ದ. ಕೋವಿ ಕೂಡಲೇ ನೆನಪಾಯಿತು ಅವನಿಗೆ. ಕೊಂಡವನು ಒಹಾಯೊ ಕಡೆಯವನು, ಸೈಲರ್ ಅಂತ, ಹೊಳೆಯ ಪಕ್ಕದ ಮರಿಯನ್ಸ್‌ಬರ್ಗ್ ಊರು. ತೂತು ಓರ್ಫಾ ಝೆನರ್ ಕೊರೆದದ್ದು ಎಂದದ್ದಕ್ಕೇ ನಂಬಿ ಮಗಳಿಗಾಗಿ ಕೊಂಡನಂತೆ. ಅವಳಿಗೆ ಹದಿನೇಳು ತುಂಬಿದೆಯಂತೆ, ಈ ಸಲ ಮೊದಲ ಬಾರಿ ಸಾಲಿನಲ್ಲಿ ನಿಲ್ಲುತ್ತಾಳಂತೆ.

"ತುಂಬ ಚೂಟಿ ಹುಡುಗಿ. ಇಲ್ಲೇ ಭುಜಕ್ಕೆ ಇಟ್ಟು ನೋಡಿದ್ಲು. ಜುಲೈ ನಾಲ್ಕನೇ ತಾರೀಖು ಹಾರಿಸ್ತೀನಿ ಅಂತ ಕುಣೀತಿದ್ಲು," ಎಂದ.

ನಾನು ಅವನಿಗೆ ಕೋವಿಯ ಕಥೆ ಹೇಳಿದೆ. ಅವನ ಕೈಯಲ್ಲಿದ್ದ ಸೇಬಿನ ತುಂಡು ಹಾಗೇ ನಿಂತಿತು. ಆದರೆ ವಿಳಾಸ ಇಟ್ಟುಕೊಂಡಿಲ್ಲ, ಫೋನೂ ಇಲ್ಲ. ಇಟ್ಟುಕೊಳ್ಳುವ ಅಭ್ಯಾಸ ನಮ್ಮಲ್ಲಿ ಯಾರಿಗಿದೆ.

ವಾಪಸು ಬರುವಾಗ ರೋಸ್ಕೊ ರಸ್ತೆ ನೋಡುತ್ತಲೇ, "ಅಕ್ಕಾ, ಹುಡುಗಿ ಅಂದನಲ್ಲ," ಎಂದ. ಹೌದು ಎಂದೆ.

ಜೂನ್ ೧೯

ಮರಿಯನ್ಸ್‌ಬರ್ಗಿನ ದಂಡಿಗೆ ಫೋನು. ಯಂತ್ರ ಮಾತಾಡಿತು, ನಾನೂ ಯಂತ್ರಕ್ಕೆ ಹೇಳಿದೆ. ಎರಡು ಸಲ. ಅಲ್ಲಿಯ ಪೊಲೀಸರು ನಕಲು ಕೋವಿ ತಮ್ಮ ಕಾನೂನಿಗೆ ಬರುವುದಿಲ್ಲ, ಆ ಕಡೆ ಹೋದವರು ಸಿಕ್ಕರೆ ತಿಳಿಸುತ್ತಾರೆ ಎಂದರು. ಸೈಲರ್ ಎಂಬ ಮನೆತನ ಆ ಊರಿನಲ್ಲಿ ಒಂದೇ ಇದೆ, ಟಪಾಲು ಹಾಕಿದರೆ ಮುಟ್ಟುತ್ತದೆ ಎಂದಷ್ಟು ಹೇಳಿದರು. ಹಾರ್ಲನ್‌ನನ್ನು ದಂಡಿನ ಹೆಸರಿನಲ್ಲಿ ಕಾಗದ ಬರೆ ಎಂದು ಕೇಳಿದೆ. ವಕೀಲರನ್ನು ಕೇಳಿ ಬರೆಯುತ್ತಾನಂತೆ.

ರೋಸ್ಕೊ ಬಂದವನು ಅಡುಗೆಮನೆಯ ಬಾಗಿಲಲ್ಲಿ ನಿಂತು, ಆಲೂಗಡ್ಡೆಯನ್ನು ಯಾಕೆ ಹಾಗೆ ಎದೆಗೆ ಒತ್ತಿಕೊಂಡು ಒಂದೇ ಕೈಯಲ್ಲಿ ಸುಲಿಯುತ್ತಿದ್ದೀಯ ಎಂದು ಕೇಳಿದ. ನೋಡಿದರೆ ನನ್ನ ಎಡಗೈ ಜೇಬಿನಲ್ಲಿತ್ತು. ಚಳಿ ಇರಬೇಕು ಎಂದೆ. ಜೂನ್ ತಿಂಗಳು ಎಂದ.

ಜೂನ್ ೨೩, ಭಾನುವಾರ

ಲೂಯೆಲ್ಲಾ ಬಂದಿದ್ದಳು. ಆಸ್ಪತ್ರೆಯ ದಿನದಿಂದ ನನ್ನ ಹೊಸಿಲು ತುಳಿದಿರಲಿಲ್ಲ. ಕೂರು ಎಂದರೆ ಕೂರಲಿಲ್ಲ. ನಾನು ನಾಲ್ಕನೆಯ ಕೋವಿಯ ಮಾತೆತ್ತಿದೆ. ಫೋನು, ಪೊಲೀಸರು, ಹಾರ್ಲನ್, ವಕೀಲರು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವಳು ಕೇಳಿಸಿಕೊಂಡಳು.

"ಅತ್ತಿಗೆ, ಯಾವ್ದೋ ಊರಿನ ಹುಡುಗಿಗೋಸ್ಕರ ಇಷ್ಟು ಓಡಾಡ್ತಿದ್ದೀರ. ಒಳ್ಳೇದು. ನನ್ ಮಗ ಆಸ್ಪತ್ರೆಯಿಂದ ಮನೆಗೆ ಬಂದು ಎಷ್ಟು ದಿನ ಆಯ್ತು ಗೊತ್ತಾ?"

ಗೊತ್ತಿರಲಿಲ್ಲ.

"ತೂತು ನೀವೇ ಕೊರೆದಿದ್ದು ಅಂತ ನಂಗೆ ಮೊದಲ ದಿನಾನೇ ಗೊತ್ತು. ಚಳಿಗಾಲ ಪೂರ್ತಿ ಅಪ್ಪ ಮಗ ಇಬ್ಬರೂ ನಿಮ್ ಶೆಡ್ಡಲ್ಲೇ ಇದ್ರಲ್ಲ, ಕಾಫಿ ಕಳಿಸ್ತಿದ್ದೋಳು ನಾನೇ. ಅದಕ್ಕೆ ನಂಗೆ ಸಿಟ್ಟಿಲ್ಲ. ಅವನು ನಿಮಗಾಗಿ ಸುಳ್ಳು ಹೇಳಿದ. ನೀವು ಕಾಫಿ ತರೋಕೆ ಹೋದ್ರಿ. ಇನ್ನೂ ವಾಪಸ್ ಬಂದಿಲ್ಲ."

ಬಾಗಿಲು ಮೆಲ್ಲಗೆ ಹಾಕಿಕೊಂಡು ಹೋದಳು. ದಢಾರನೆ ಹಾಕಿದ್ದರೆ ಚೆನ್ನಾಗಿತ್ತು.

ಜೂನ್ ೨೪, ಸೋಮವಾರ

ಹೋದೆ. ಕ್ಲೇಟನ್ ಹಿತ್ತಲ ಮೆಟ್ಟಿಲ ಮೇಲೆ ಕೂತು ಬಲಗೈಯಲ್ಲಿ ಲಾಳದ ಮೊಳೆಗಳನ್ನು ಗಾತ್ರಕ್ಕೆ ತಕ್ಕಂತೆ ಬೇರೆ ಮಾಡುತ್ತಿದ್ದ. ಎಡಗೈಯ ಪಟ್ಟಿ ಬಿಚ್ಚಿದ್ದರು. ಆ ಕೈಯನ್ನು ನೋಡಿದೆ. ನೋಡಲು ಇಷ್ಟು ದಿನ ಬೇಕಾಯಿತು.

ಪೊಲೀಸರ ಹತ್ತಿರ ಹೋಗಿ ತೂತು ನನ್ನದು ಎಂದು ಬರೆಸಿಯೇ ಇಲ್ಲಿಗೆ ಬಂದೆ ಎಂದು ಹೇಳಿದೆ. ಅವನು ಮೊಳೆ ಆರಿಸುವುದನ್ನು ಬಿಟ್ಟ. "ಯಾರು ಹೇಳಿದ್ರು ನಿಂಗೆ ಹೋಗು ಅಂತ?" ಯಾರೂ ಹೇಳಲಿಲ್ಲ ಎಂದೆ. ಅವನ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತೆ.

ಸೈಲರ್‌ನ ವಿಷಯ ಹೇಳಿದೆ. ಹಾರ್ಲನ್‌ನ ವಕೀಲರು ಬರೆದುಕೊಟ್ಟ ಕಾಗದ ಮೊನ್ನೆ ಬಂದಿತ್ತು, ಅದನ್ನು ತೋರಿಸಿದೆ. 'ಕೆಲವು ಸಂದರ್ಭಗಳಲ್ಲಿ ಎಚ್ಚರಿಕೆ ವಹಿಸುವುದು ಸೂಕ್ತ.' ಕ್ಲೇಟನ್ ಓದಿ ಮಡಚಿ ಮೊಳೆಯ ಡಬ್ಬಿಯ ಕೆಳಗಿಟ್ಟ.

"ಇದೂ ಆ ಚೀಟಿ ಥರಾನೇ ಅತ್ತೆ. ಓದಿ ನಗ್ತಾರೆ. ನಾವ್ ನಗಲಿಲ್ವಾ? ನೀನೇ ಬರಿ. ಕೊರೆದವಳು ನಾನು ಅಂತ ಬರಿ, ಅವ್ರು ಅದನ್ನ ಕೊಂಡಿದ್ದೇ ಆ ಹೆಸರಿಗೆ. ಒಂದು ಹಾಳೆ ಕೊಡು."

ಹಾಳೆಯನ್ನು ಮೆಟ್ಟಿಲ ಮೇಲೆ ಹಾಸಿ ಎಡಗೈಯನ್ನು ಅದರ ಮೇಲಿಟ್ಟ. ಶಾಲೆಯಲ್ಲಿ ಪುಟ್ಟ ಮಕ್ಕಳು ಮಾಡುವ ಹಾಗೆ ಪೆನ್ಸಿಲಿನಿಂದ ಸುತ್ತ ಗೆರೆ ಎಳೆಯತೊಡಗಿದ. ಹೆಬ್ಬೆರಳು, ತೋರುಬೆರಳು, ಆಮೇಲೆ ಗೆರೆ ಇಳಿದು ನೇರವಾಗಿ ಮಣಿಕಟ್ಟಿಗೆ ಬಂತು. ಹಾಳೆ ಸರಿಯಿತು. ನಾನು ನನ್ನ ಎಡಗೈಯಿಂದ ಒತ್ತಿ ಹಿಡಿದೆ.

ಮನೆಗೆ ಬಂದು ಬರೆದೆ. ಕಳಿಸಿದ್ದರ ನಕಲು ಇಲ್ಲಿದೆ.

"ಪ್ರಿಯ ಸೈಲರ್ ಅವರಿಗೆ,

ನೀವು, ನಿಮ್ಮ ಮನೆಯವರು, ನಿಮ್ಮ ಮಗಳು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಮಗಳ ಹೆಸರು ನನಗೆ ಗೊತ್ತಿಲ್ಲ, ಕ್ಷಮಿಸಿ.

ನೀವು ಅವಳಿಗೆ ಕೊಂಡ ಕೋವಿಗೆ ಕಿಡಿತೂತು ಕೊರೆದವಳು ನಾನೇ, ಓರ್ಫಾ ಝೆನರ್. ನನ್ನ ಹೆಸರು ನಂಬಿ ಕೊಂಡಿರಿ ಎಂದು ಕೇಳಿದೆ. ಆ ನಂಬಿಕೆಯನ್ನು ದಯವಿಟ್ಟು ಈ ಒಂದು ಮಾತಿಗೆ ಕೊಡಿ: ಅದನ್ನು ಹಾರಿಸಬೇಡಿ. ಒಂದು ಸಲವೂ ಬೇಡ, ಸ್ವಲ್ಪ ಮದ್ದೂ ಬೇಡ. ಅದರ ನಳಿಗೆ ಬೆಸೆದ ತಗಡು. ಅದರ ಜೊತೆಯದನ್ನು ಸೀಳಿ ನಾನು ಕಣ್ಣಾರೆ ನೋಡಿದ್ದೇನೆ. ನನ್ನ ಕಿವಿಗೆ ಅದು ಗಟ್ಟಿ ಎನಿಸಿತ್ತು, ನಾನು ತಪ್ಪಿದೆ.

ಇನ್ನೊಂದು ನನ್ನ ತಮ್ಮನ ಮಗನ ಕೈಯಲ್ಲಿ ಒಡೆಯಿತು. ಅವನು ಬರೆದ ಗೆರೆ ಈ ಕಾಗದದ ಜೊತೆಗಿದೆ. ಅದರ ಮೇಲೆ ನಿಮ್ಮ ಮಗಳು ತನ್ನ ಎಡಗೈ ಇಟ್ಟು ನೋಡಲಿ.

ಅವಳಿಗೆ ನಿರಾಸೆಯಾಗುತ್ತದೆ, ಬಲ್ಲೆ. ಸಾಲಿನಲ್ಲಿ ನಿಲ್ಲಲು, ಈ ನಕಲುಗಳಿಗಿಂತ ಮೊದಲಿನ ನನ್ನ ಹಳೆಯ ಕೋವಿ ಇದೆ, ತಿಳಿದವರಿಂದ ಪರೀಕ್ಷೆ ಮಾಡಿಸಿದ್ದೇನೆ, ಗೆದ್ದಿದೆ. ಅವಳಿಗೇ ಇರಲಿ. ನಾನು ಇನ್ನು ಹಾರಿಸುವುದಿಲ್ಲ. ಶನಿವಾರದೊಳಗೆ ನಿಮ್ಮಿಂದ ಸುದ್ದಿ ಬಾರದಿದ್ದರೆ ತಮ್ಮನನ್ನು ಕರೆದುಕೊಂಡು ನಾನೇ ಅದನ್ನು ಹಿಡಿದು ನಿಮ್ಮ ಊರಿಗೆ ಬರುತ್ತೇನೆ, ಮನೆಮನೆಯ ಬಾಗಿಲು ತಟ್ಟುತ್ತೇನೆ.

ಈ ಕಾಗದ ಓದಿದ ಕೂಡಲೇ ಉತ್ತರ ಬರೆಯಿರಿ. ಉದ್ದ ಬೇಕಿಲ್ಲ. ಇನ್ನೂ ಹಾರಿಸಿಲ್ಲ ಎಂದಷ್ಟು ಬರೆದರೆ ಸಾಕು."